ಗ್ಲುಕೋಮೀಟರ್ ಜೊತೆ 4 ವರ್ಷ: ಶುಗರ್ ಇಳಿದಾಗ ಎಷ್ಟು ನಂಬಬಹುದು?

ರಾತ್ರಿ ಇನ್ಸುಲಿನ್ ಶುರುವಾದಾಗ ಡಾಕ್ಟರ್ ಹೇಳಿ ಕೊಳ್ಳಿಸಿದ ಮೀಟರ್ ಇದು. ಶುಗರ್ ಏರಿದ್ದನ್ನು ನೋಡೋಕೆ ಅಂದುಕೊಂಡಿದ್ದೆ. ಜಾಸ್ತಿ ಕೆಲಸಕ್ಕೆ ಬಂದಿದ್ದು ಇಳಿದಾಗ.

ನನಗೆ ಲೋ ಆಗೋದು ಊಟ ತಡವಾದ ದಿನ, ಇಲ್ಲವೇ ಸಂಜೆ ಜಾಸ್ತಿ ನಡೆದ ದಿನ. ಕತ್ತಿನ ಹಿಂದೆ ತಣ್ಣನೆ ಬೆವರು, ಕೈ ನಡುಕ, ಎದೆ ಡವಡವ, ತಡೆಯಲಾರದ ಹಸಿವು. ಇದಕ್ಕೂ ಮುಂಚಿನ ಗುರುತು ಹೆಂಡತಿಗೆ ಗೊತ್ತು: ಸುಮ್ನೆ ಸಿಡುಕುತ್ತೇನಂತೆ. "ಮೊದಲು ಬೆರಳು ಚುಚ್ಚಿ ನೋಡಿ, ಆಮೇಲೆ ಜಗಳ ಆಡೋಣ" ಅನ್ನುತ್ತಾಳೆ. ಎಷ್ಟೋ ಸಲ ಅವಳು ಹೇಳಿದ್ದೇ ಸರಿ. ಕೆಲವು ಸಲ ಮೀಟರ್ 130 ತೋರಿಸುತ್ತದೆ, ಆಗ ಅದು ನಿಜವಾದ ಸಿಟ್ಟೇ.

70ಕ್ಕಿಂತ ಕಡಿಮೆ ಬಂದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡುತ್ತೇನೆ. ಏರದಿದ್ದರೆ ಇನ್ನೊಂದು ಸಲ. ಏರಿದ ಮೇಲೆ ಎರಡು ಇಡ್ಲಿ. ಆ 15 ನಿಮಿಷ ಕಾಯೋದೇ ಕಷ್ಟ. ಒಮ್ಮೆ ಹೆದರಿ ಕೈಗೆ ಸಿಕ್ಕ ಮೈಸೂರು ಪಾಕನ್ನು ಒಂದರ ಮೇಲೊಂದು ತಿಂದೆ. ತುಪ್ಪದ ತಿಂಡಿ, ಸಕ್ಕರೆ ನಿಧಾನಕ್ಕೆ ಏರಿತು. ಆಮೇಲೆ ನಿಲ್ಲಲೇ ಇಲ್ಲ, 280! ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ ಅಂತ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.

ಇನ್ನು ಮೀಟರ್ ಮೋಸ ಮಾಡಿದ ಕತೆ. ಒಂದು ಮಧ್ಯಾಹ್ನ ಮೈ ನಡುಗುತ್ತಿತ್ತು. ಬಾಳೆಹಣ್ಣು ಸುಲಿದು, ತಿನ್ನೋ ಮೊದಲು ಚೆಕ್ ಮಾಡೋಣ ಅಂತ ಚುಚ್ಚಿದೆ. 112. ಹಾಗಾದರೆ ಏನೂ ಇಲ್ಲ ಅಂತ ಹಣ್ಣು ಪಕ್ಕಕ್ಕಿಟ್ಟೆ. ಬೆವರು ಮಾತ್ರ ನಿಲ್ಲಲಿಲ್ಲ. ಕೈ ತೊಳೆದು ಒರೆಸಿ ಇನ್ನೊಂದು ಬೆರಳು ಚುಚ್ಚಿದರೆ 58! ಮೊದಲ ಸಲ ಅಳೆದದ್ದು ರಕ್ತದ ಜೊತೆಗೆ ಬೆರಳಿಗೆ ಅಂಟಿದ್ದ ಹಣ್ಣಿನ ಸಕ್ಕರೆಯನ್ನೂ. ತಪ್ಪು ನನ್ನದೇ ಅನ್ನಿ. ಈಗ ಮೈ ನಡುಗುತ್ತಿದ್ದರೆ, ಮೀಟರ್ ಏನೇ ತೋರಿಸಲಿ, ಕೈ ತೊಳೆದು ಮತ್ತೆ ನೋಡುತ್ತೇನೆ. ತೊಳೆಯಲು ನೀರಿಲ್ಲದಿದ್ದರೆ ಮೊದಲು ಸಕ್ಕರೆ.

ದೊಡ್ಡ ಕೊರತೆ ರಾತ್ರಿಯದು. ಕೇಳಿದರೆ ಮಾತ್ರ ಹೇಳುವ ಯಂತ್ರ ಇದು, ನಿದ್ದೆಯಲ್ಲಿ ಇಳಿದರೆ ಎಬ್ಬಿಸೋದಿಲ್ಲ. ಬೆಳಿಗ್ಗೆ ದಿಂಬು ಒದ್ದೆ, ತಲೆನೋವು ಇದ್ದಾಗ ಅನುಮಾನ ಬಂದು, ಡಾಕ್ಟರ್ ಹೇಳಿದಂತೆ ಕೆಲವು ದಿನ ರಾತ್ರಿ 3ಕ್ಕೆ ಅಲಾರಂ ಇಟ್ಟು ನೋಡಿದೆ. ಇಳಿಯುತ್ತಿದ್ದದ್ದು ಹೌದು. ಡಾಕ್ಟರ್ ಡೋಸ್ ಕಡಿಮೆ ಮಾಡಿದರು.

ಐದಕ್ಕೆ ನಾಲ್ಕು. ಮೀಟರ್ ಅಗ್ಗ, ರಕ್ತದ ಹನಿ ತಾಗಿಸುವ ಸ್ಟ್ರಿಪ್ ದುಬಾರಿ. ಅಪರೂಪಕ್ಕೆ ಚೆಕ್ ಮಾಡುವವರು 25 ಸ್ಟ್ರಿಪ್ ಇರುವ ಡಬ್ಬಿಯನ್ನೇ ತಗೊಳ್ಳಿ, ಮುಚ್ಚಳ ಬಿಗಿಯಾಗಿ ಹಾಕಿಡಿ. ನನ್ನ 50ರ ಡಬ್ಬಿ ಅರ್ಧ ಉಳಿದಿರುವಾಗಲೇ ತಾರೀಕು ಮುಗಿದಿತ್ತು.