ಸಕ್ಕರೆ ಅಳೆಯುವ ಸೆನ್ಸರ್: ಮನಸ್ಸಿನ ಲೆಕ್ಕದಲ್ಲಿ ಆರು ತಿಂಗಳು

ತೋಳಿಗೆ ಅಂಟಿಕೊಂಡು ಹಗಲೂ ರಾತ್ರಿ ಗ್ಲೂಕೋಸ್ ಮಟ್ಟವನ್ನು ಮೊಬೈಲಿಗೆ ಕಳುಹಿಸುತ್ತಲೇ ಇರುವ ಸೆನ್ಸರುಗಳ ಬಗ್ಗೆ ನಾನು ಓದಿರುವ ವಿಮರ್ಶೆಗಳೆಲ್ಲ ನಿಖರತೆ, ಅಂಟಿನ ಬಾಳಿಕೆ, ಆ್ಯಪ್‌ನ ವೇಗ ಇವುಗಳ ಸುತ್ತಲೇ ತಿರುಗುತ್ತವೆ. ಅಂಥದ್ದೊಂದನ್ನು ಆರು ತಿಂಗಳಿನಿಂದ ಬಿಡದೆ ಧರಿಸಿರುವ ನನಗೆ, ಅದು ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನು ಯಾರೂ ಸರಿಯಾಗಿ ತೂಗಿ ನೋಡಿಲ್ಲವೆಂದು ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಟೈಪ್ 1 ಮಧುಮೇಹ ನನ್ನ ಜೊತೆಯಾಗಿ 19 ವರ್ಷಗಳಾದವು. ದಿನಕ್ಕೆ ನಾಲ್ಕು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಯಾವ ಸಾಧನಕ್ಕಾದರೂ ಸಲ್ಲುತ್ತವೆ.

ಸಾಧನದ ಪರಿಚಯ ಚಿಕ್ಕದಾಗಿ ಸಾಕು. ನಾಣ್ಯಕ್ಕಿಂತ ತುಸು ದೊಡ್ಡದಾದ ಬಿಲ್ಲೆ, ಅದರ ಕೆಳಗೆ ಕೂದಲೆಳೆಯಂಥ ಒಂದು ತಂತು. ಆ ತಂತು ಚರ್ಮದಡಿಯಲ್ಲಿ, ಜೀವಕೋಶಗಳ ನಡುವಿನ ದ್ರವದಲ್ಲಿ ನಿಂತು, ತನ್ನ ಮೇಲಿರುವ ಕಿಣ್ವದ ನೆರವಿನಿಂದ ಗ್ಲೂಕೋಸನ್ನು ಸಣ್ಣ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಅದು ಅಳೆಯುವುದು ರಕ್ತವನ್ನಲ್ಲವಾದ್ದರಿಂದ, ಸಕ್ಕರೆ ವೇಗವಾಗಿ ಏರಿಳಿಯುವಾಗ ಪರದೆಯ ಮೇಲಿನ ಅಂಕಿ ನಿಜಸ್ಥಿತಿಗಿಂತ 5ರಿಂದ 15 ನಿಮಿಷ ಹಿಂದೆ ಉಳಿಯಬಹುದು. ನನ್ನ ಸೆನ್ಸರಿನ ಆಯಸ್ಸು 14 ದಿನ. ಅಂಟಿಸುವಾಗ ಹೇಳಿಕೊಳ್ಳುವಂಥ ನೋವಿಲ್ಲ.

ಮೊದಲು ಅದರ ದೊಡ್ಡ ಉಪಕಾರವನ್ನು ಹೇಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ‘ಲೋ’ ಆಗುವ, ಎಂದರೆ ಸಕ್ಕರೆ ತೀರಾ ಇಳಿದುಬಿಡುವ, ಭಯವೆಂಬುದು ಒಂದು ಪ್ರತ್ಯೇಕ ಕಾಯಿಲೆಯೇ ಸರಿ. ಸಕ್ಕರೆ ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದಾಗ ದೇಹ ಅಡ್ರಿನಲಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಕೈ ನಡುಗುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ಎದೆ ಡವಗುಟ್ಟುತ್ತದೆ, ಏನೋ ಕೆಟ್ಟದ್ದು ಘಟಿಸಲಿದೆಯೆಂಬ ಭಾವ ಆವರಿಸುತ್ತದೆ. ಗಾಬರಿಯ ಆಘಾತಕ್ಕೆ (ಪ್ಯಾನಿಕ್ ಅಟ್ಯಾಕ್) ಒಳಗಾದವರಿಗೂ ಆಗುವುದು ಹೆಚ್ಚುಕಡಿಮೆ ಇದೇ. ಎರಡೂ ಒಂದೇ ವೇಷ ತೊಟ್ಟು ಬರುವುದರಿಂದ, ಇನ್ಸುಲಿನ್ ಬಳಸುವ ಎಷ್ಟೋ ಜನ ವರ್ಷಗಟ್ಟಲೆ ಅವುಗಳನ್ನು ಬೇರ್ಪಡಿಸಲಾರದೆ ಬದುಕುತ್ತಾರೆ. ನಾನೂ ಅವರಲ್ಲಿ ಒಬ್ಬ. ಹತ್ತು ಜನರೆದುರು ಮಾತನಾಡುವ ದಿನ ಮುಂಜಾಗ್ರತೆಗೆಂದು ಇನ್ಸುಲಿನ್ ಕಡಿಮೆ ಹಾಕಿಕೊಂಡು, ಸಕ್ಕರೆಯನ್ನು 200ರ ಮೇಲೆಯೇ ಇಟ್ಟುಕೊಳ್ಳುವುದು ನನ್ನ ಹಳೆಯ ಚಾಳಿಯಾಗಿತ್ತು.

ಸೆನ್ಸರ್ ಬಂದ ಎರಡನೆಯ ವಾರ ಅಂಥದೇ ಒಂದು ಸಭೆಗೆ ಮುನ್ನ ಕೈ ನಡುಗತೊಡಗಿತು. ಅಭ್ಯಾಸಬಲದಿಂದ ಜೇಬಿನಲ್ಲಿದ್ದ ಗ್ಲೂಕೋಸ್ ಮಾತ್ರೆಗೆ ಕೈ ಹೋಯಿತು, ಆದರೆ ಇನ್ನೊಂದು ಕೈ ಮೊಬೈಲ್ ತೆಗೆಯಿತು. ಪರದೆಯ ಮೇಲೆ 126. ಬಾಣದ ಗುರುತು ನೆಟ್ಟಗೆ ಅಡ್ಡಲಾಗಿ ಮಲಗಿತ್ತು. ಎಂದರೆ ಸಕ್ಕರೆ ಇಳಿಯುತ್ತಿರಲಿಲ್ಲ, ಇಳಿಯುವ ಸೂಚನೆಯೂ ಇರಲಿಲ್ಲ. ನಾನು ಬರೀ ಹೆದರಿದ್ದೆ. 19 ವರ್ಷಗಳಲ್ಲಿ ನಾನು ‘ಲೋ’ ಎಂದು ತಿಳಿದು ಮಾತ್ರೆ ನುಂಗಿದ ಎಷ್ಟೋ ಸಂದರ್ಭಗಳು ಅಸಲಿಗೆ ಆತಂಕದವೇ ಆಗಿದ್ದವೆಂಬುದು ಅಂದು ಹೊಳೆಯಿತು. ಆತಂಕಕ್ಕೆ ಆತಂಕವೆಂದೇ ಚಿಕಿತ್ಸೆ ಪಡೆಯಬಹುದೆಂದು ನನಗೆ ತೋರಿಸಿಕೊಟ್ಟದ್ದು ಈ ಬಿಲ್ಲೆ. ಬೇರೆ ಯಾವ ಕಾರಣವಿಲ್ಲದಿದ್ದರೂ ಇದೊಂದಕ್ಕಾಗಿ ನಾನು ಅದಕ್ಕೆ ಋಣಿ.

ಇನ್ನು ರಾತ್ರಿಯ ವಿಷಯ. ಕಂಪನಿಯವರ ಜಾಹೀರಾತುಗಳಲ್ಲಿ ಎಲ್ಲರೂ ನೆಮ್ಮದಿಯಾಗಿ ಮಲಗಿರುತ್ತಾರೆ. ನಮ್ಮ ಮನೆಯಲ್ಲಿ ಮೂರನೆಯ ವಾರದ ಒಂದು ರಾತ್ರಿ, ಮೂರು ಗಂಟೆಯ ಸುಮಾರಿಗೆ, ಅಂಬುಲೆನ್ಸ್ ಬಂದಂಥ ಸದ್ದು. “ರೀ, ಏಳಿ, ಐವತ್ತೆಂಟು ತೋರಿಸ್ತಾ ಇದೆ” ಎಂದು ಹೆಂಡತಿ ಅಲುಗಾಡಿಸುತ್ತಿದ್ದಳು; ನಾನು ಕಣ್ಣು ಬಿಡುವಷ್ಟರಲ್ಲಿ ಸಕ್ಕರೆ ನೀರಿನ ಲೋಟ ತುಟಿಗೆ ತಾಗಿತ್ತು. ಕುಡಿದೆ. ಆಮೇಲೆ ಕೈ ತೊಳೆದು ಹಳೆಯ ಗ್ಲೂಕೋಮೀಟರಿನಲ್ಲಿ ಬೆರಳು ಚುಚ್ಚಿ ನೋಡಿದರೆ 118. ಸೆನ್ಸರ್ ಇದ್ದ ಬಲತೋಳಿನ ಮೇಲೆಯೇ ಮಗ್ಗುಲಾಗಿ ಮಲಗಿದ್ದರಿಂದ ಆ ಜಾಗದ ದ್ರವದ ಹರಿವು ಒತ್ತಡಕ್ಕೆ ಸಿಕ್ಕಿ, ಸಾಧನ ಇಲ್ಲದ ಇಳಿಕೆಯನ್ನು ತೋರಿಸಿತ್ತು. ಇದು ತಯಾರಕರಿಗೆ ಚೆನ್ನಾಗಿ ಗೊತ್ತಿರುವ ದೋಷ. ಬೆಳಿಗ್ಗೆ ಸಕ್ಕರೆ 231. ಇಬ್ಬರಿಗೂ ನಿದ್ದೆಯಿಲ್ಲ, ಮಾತೂ ಇಲ್ಲ. ಮುಂದಿನ ಒಂದು ವಾರ ಎಚ್ಚರಿಕೆ ಮೊಳಗದಿದ್ದ ರಾತ್ರಿಗಳಲ್ಲೂ ಅವಳು ಎದ್ದೆದ್ದು ನನ್ನ ಹಣೆ ಮುಟ್ಟಿ ಬೆವರಿದೆಯೇ ಎಂದು ನೋಡುತ್ತಿದ್ದಳು. ಭಯ ಕಳೆಯಲೆಂದು ತಂದ ವಸ್ತು ಭಯವನ್ನು ನನ್ನಿಂದ ಅವಳಿಗೆ ದಾಟಿಸಿತ್ತು, ಅಷ್ಟೇ.

ಸಹಾಯವಾಣಿಗೆ ಕರೆ ಮಾಡಿದಾಗ, ಅಲ್ಲಿದ್ದವರು ಸೌಜನ್ಯದಿಂದಲೇ ಸೆನ್ಸರಿನ ಕ್ರಮಸಂಖ್ಯೆ ಕೇಳಿ ಬದಲಿ ಕಳುಹಿಸಲು ಮುಂದಾದರು. ನನಗೆ ಬದಲಿ ಬೇಕಿರಲಿಲ್ಲ. ಮಗ್ಗುಲು ಬದಲಿಸಿ ಮಲಗಿ ಎಂಬ ಒಂದು ಮಾತು ಪೆಟ್ಟಿಗೆಯ ಮೇಲೆ ಇದ್ದಿದ್ದರೆ ಸಾಕಿತ್ತು. ಜೊತೆಗೆ ಬಂದ ಕೈಪಿಡಿಯಲ್ಲಿ ಚರ್ಮದ ತುರಿಕೆಗೆ ಒಂದು ಪೂರ್ತಿ ಪುಟವಿದೆ. ಮನಸ್ಸಿನ ಬಗ್ಗೆ ಹುಡುಕಿದರೂ ಒಂದು ಸಾಲು ಸಿಗಲಿಲ್ಲ.

ನನ್ನ ಗಟ್ಟಿ ಆಕ್ಷೇಪವಿರುವುದು ಆ್ಯಪ್‌ನ ಮೇಲೆ. 70ರಿಂದ 180ರ ನಡುವೆ ಇದ್ದರೆ ಹಸಿರು, ದಾಟಿದರೆ ಹಳದಿ, ಕೆಳಗಿಳಿದರೆ ಕೆಂಪು. ದಿನದ ಶೇ 70ರಷ್ಟು ಹೊತ್ತನ್ನಾದರೂ ಹಸಿರಿನಲ್ಲಿ ಕಳೆಯಬೇಕೆಂಬುದು ತಜ್ಞರು 2019ರಲ್ಲಿ ಒಮ್ಮತದಿಂದ ಒಪ್ಪಿದ ಗುರಿ, ಅದರ ಬಗ್ಗೆ ತಕರಾರಿಲ್ಲ. ಆದರೆ ಆ ಗುರಿಯನ್ನು ಆ್ಯಪ್ ವಾರಕ್ಕೊಮ್ಮೆ ಅಂಕಪಟ್ಟಿಯ ರೂಪದಲ್ಲಿ ಮುಂದೆ ಹಿಡಿಯುತ್ತದೆ. ಶೇ 68 ಬಂದ ವಾರ ನಾನು ನಪಾಸಾದ ಹುಡುಗನಂತೆ ಮೊಬೈಲನ್ನು ಕವುಚಿ ಇಡುತ್ತಿದ್ದೆ. ನಿದ್ದೆಗೆಟ್ಟ ರಾತ್ರಿ, ನೆಗಡಿ ಜ್ವರ, ಮನೆಯಲ್ಲಿನ ಒಂದು ಜಗಳ, ಇವುಗಳಿಂದಲೂ ಸಕ್ಕರೆ ಏರುತ್ತದೆ. ಒತ್ತಡದಲ್ಲಿ ಸ್ರವಿಸುವ ಕಾರ್ಟಿಸಾಲ್ ಮತ್ತು ಅಡ್ರಿನಲಿನ್ ಯಕೃತ್ತಿನಿಂದ ಗ್ಲೂಕೋಸನ್ನು ಹೊರಗೆ ತಳ್ಳಿ, ಇನ್ಸುಲಿನ್ನಿನ ಕೆಲಸಕ್ಕೂ ಅಡ್ಡ ಬರುತ್ತವೆ. ಒಂದು ಸಂಜೆ ತುತ್ತು ಅನ್ನವನ್ನೂ ಮುಟ್ಟದೆ, ಬರೀ ಫೋನಿನಲ್ಲಿ ಅಣ್ಣನೊಂದಿಗೆ ವಾದಿಸುತ್ತ, 140ರಿಂದ 210ಕ್ಕೆ ಏರಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆ ಏರುಗೆರೆಯನ್ನು ಕಂಡು ಇನ್ನಷ್ಟು ಕಳವಳ, ಕಳವಳದಿಂದ ಇನ್ನಷ್ಟು ಏರಿಕೆ. ಇದಾವುದೂ ಆ್ಯಪ್‌ಗೆ ತಿಳಿಯದು. ಅದಕ್ಕೆ ತಿಳಿದಿರುವುದು ಹಳದಿ ಬಣ್ಣ ಬಳಿಯುವುದು.

ಈ ದಣಿವಿಗೆ ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ಹೆಸರೇ ಇದೆ: ಮಧುಮೇಹ ಸಂಕಟ. ಅದನ್ನು ಅಳೆಯಲು 20 ಪ್ರಶ್ನೆಗಳ ಮಾಪಕವೊಂದು 1995ರಲ್ಲಿ ಪ್ರಕಟವಾಯಿತು. ನೂರಕ್ಕೆ 40 ಅಥವಾ ಹೆಚ್ಚು ಬಂದರೆ ಗಂಭೀರವಾಗಿ ಪರಿಗಣಿಸುತ್ತಾರೆ. ಇದು ಖಿನ್ನತೆಯೇ ಎಂದರೆ, ಅಲ್ಲ. ಖಿನ್ನತೆ ಬದುಕಿನ ಎಲ್ಲ ಮೂಲೆಗಳನ್ನೂ ಕತ್ತಲಾಗಿಸುತ್ತದೆ. ಸಂಕಟ ಸಾಮಾನ್ಯವಾಗಿ ಸೂಜಿ, ಲೆಕ್ಕ, ಪಥ್ಯ, ಮುಂದೇನೋ ಎಂಬ ಚಿಂತೆ, ಇವುಗಳ ಸುತ್ತಲೇ ಇರುತ್ತದೆ. ಆದರೆ ಒಂದು ಇನ್ನೊಂದನ್ನು ಕರೆತರಬಲ್ಲದು. ಮಧುಮೇಹ ಇರುವವರಲ್ಲಿ ಖಿನ್ನತೆ ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಕಂಡುಬರುತ್ತದೆ. ಅತ್ತಕಡೆಯಿಂದ, ಖಿನ್ನತೆ ಇರುವವರಿಗೆ ಟೈಪ್ 2 ಮಧುಮೇಹ ಬರುವ ಸಂಭವವೂ ಅಧಿಕ. ದೀರ್ಘಕಾಲದ ದುಃಖದಿಂದ ಈ ರೋಗ ಬರುತ್ತದೆಂದು ಹದಿನೇಳನೆಯ ಶತಮಾನದಲ್ಲೇ ಥಾಮಸ್ ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯ ಬರೆದಿದ್ದ. ಕಾರಣದ ವಿಚಾರದಲ್ಲಿ ಅವನು ಪೂರ್ತಿ ಸರಿಯಲ್ಲದಿರಬಹುದು, ಆದರೆ ರೋಗಿಯ ಮುಖವನ್ನಂತೂ ನೋಡಿ ಬರೆದಿದ್ದ.

ಆ 20 ಪ್ರಶ್ನೆಗಳಿಗೆ ನಾನು ಮೂರು ಸಲ ಉತ್ತರಿಸಿದ್ದೇನೆ. ಸೆನ್ಸರ್ ಅಂಟಿಸುವ ಹಿಂದಿನ ದಿನ 45 ಬಂದಿತ್ತು. ಎರಡು ತಿಂಗಳಾದ ಮೇಲೆ 55. ಅದೇ ಅವಧಿಯಲ್ಲಿ ನನ್ನ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ರಕ್ತಪರೀಕ್ಷೆಯ ಅಂಕಿ, ಎಂದರೆ ಎಚ್‌ಬಿಎ1ಸಿ, ಶೇ 8.4ರಿಂದ ಶೇ 7.6ಕ್ಕೆ ಇಳಿದಿತ್ತು. ಆಗ ನಾನು ಹೋಗುತ್ತಿದ್ದ ಕಡೆ ವೈದ್ಯರು ಗ್ರಾಫ್ ನೋಡಿ “ಬಹಳ ಚೆನ್ನಾಗಿದೆ” ಎಂದು ಬೆನ್ನು ತಟ್ಟಿ ಕಳುಹಿಸಿದರು. ನಿದ್ದೆ ಹೇಗಿದೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಂಕಿ ಉತ್ತಮಗೊಳ್ಳುತ್ತಿರುವಾಗ ಮನುಷ್ಯ ಕುಸಿಯುತ್ತಿರಬಹುದೆಂಬುದು ಆ ಗ್ರಾಫಿನಲ್ಲಿ ಎಲ್ಲೂ ಕಾಣುವುದಿಲ್ಲ.

ಪರಿಸ್ಥಿತಿ ತಿರುಗಿದ್ದು ಮಧುಮೇಹ ಶಿಕ್ಷಕಿಯೊಬ್ಬರ ಒಂದು ಪ್ರಶ್ನೆಯಿಂದ. “ದಿನಕ್ಕೆ ಎಷ್ಟು ಸಲ ನೋಡ್ತೀರಿ?” ಎಂದು ಅವರು ಕೇಳಿದರು. ಆ್ಯಪ್ ತೆರೆದು ಲೆಕ್ಕ ಹಾಕಿದರೆ ಸರಾಸರಿ 61. ಅವರು ಗದರಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮೇಲೇರಿದಾಗ ಕೂಗುವ ಎಚ್ಚರಿಕೆಯ ಮಿತಿಯನ್ನು 180ರಿಂದ 250ಕ್ಕೆ ಏರಿಸಿದರು, ಕೆಳಗಿನದನ್ನು 70ರಲ್ಲೇ ಉಳಿಸಿದರು, ವಾರದ ಅಂಕಪಟ್ಟಿಯ ಸೂಚನೆಯನ್ನು ಆರಿಸಿದರು, ಊಟಕ್ಕೆ ಮುಂಚೆ ಮತ್ತು ಮಲಗುವ ಮುಂಚೆ ಮಾತ್ರ ನೋಡಿ ಎಂದರು. ಒಬ್ಬ ಆಪ್ತಸಮಾಲೋಚಕರ ಬಳಿಗೂ ಕಳುಹಿಸಿದರು. ಮೊದಲ ಮೂರು ದಿನ ಹೊಗೆಸೊಪ್ಪು ಬಿಟ್ಟವನಂತೆ ಚಡಪಡಿಸಿದೆ. ಕಳೆದ ವಾರ ಉತ್ತರಿಸಿದಾಗ ಆ ಮಾಪಕ 30 ತೋರಿಸಿತು.

ಅಂಕಿಯನ್ನು ಮನೆಯವರ ಮೊಬೈಲಿಗೂ ಕಳುಹಿಸುವ ಸೌಲಭ್ಯದ ಬಗ್ಗೆ ಎಚ್ಚರವಿರಲಿ. ಒಬ್ಬರೇ ವಾಸಿಸುವವರಿಗೆ ಅದು ಆಸರೆ, ನಿಜ. ಆದರೆ ಕಚೇರಿಯಲ್ಲಿ ಕುಳಿತ ಹೆಂಡತಿಗೆ ನನ್ನ 210 ಕಾಣುತ್ತಿದ್ದಷ್ಟು ಕಾಲ, “ಏನು ತಿಂದ್ರಿ?” ಎಂಬುದೇ ನಮ್ಮ ನಡುವಿನ ಮಧ್ಯಾಹ್ನದ ಮಾತಾಗಿತ್ತು. ಪ್ರೀತಿಯಿಂದಲೇ ಕೇಳುತ್ತಿದ್ದಳು, ನನಗೆ ಕೇಳಿಸುತ್ತಿದ್ದುದು ವಿಚಾರಣೆ. ಈಗ 70ಕ್ಕಿಂತ ಕೆಳಗಿಳಿದರೆ ಮಾತ್ರ ಅವಳಿಗೆ ಸುದ್ದಿ ಹೋಗುವಂತೆ ಮಾಡಿಕೊಂಡಿದ್ದೇವೆ.

ಹಾಗಾದರೆ ಯಾರು ಕೊಳ್ಳಬಹುದು? ಇನ್ಸುಲಿನ್ ಬಳಸುವವರು, ಅದರಲ್ಲೂ ಪದೇಪದೇ ಲೋ ಆಗಿ ಅದರ ಮುನ್ಸೂಚನೆಯೇ ತಿಳಿಯದಂತಾಗಿರುವವರು, ನನ್ನ ಯಾವ ದೂರಿಗೂ ಕಿವಿಗೊಡದೆ ತೆಗೆದುಕೊಳ್ಳಿ. ಅದು ಜೀವ ಉಳಿಸುವ ಸಾಧನ. ಮಾತ್ರೆಯಲ್ಲೇ ಸಕ್ಕರೆ ಹತೋಟಿಯಲ್ಲಿದ್ದು, ಸ್ವಭಾವತಃ ಚಿಂತೆ ಹೆಚ್ಚು ಮಾಡುವವರು ವರ್ಷಪೂರ್ತಿ ಧರಿಸುವ ಮುನ್ನ ಎರಡು ವಾರ ಹಾಕಿ ನೋಡುವುದು ಒಳ್ಳೆಯದು. ಊಟದ ವಿಚಾರದಲ್ಲಿ ಹಿಂದೆ ಮಾನಸಿಕ ತೊಂದರೆ ಅನುಭವಿಸಿದವರು ವೈದ್ಯರಿಗೆ ಅದನ್ನು ಮೊದಲೇ ತಿಳಿಸಿ ನಿರ್ಧರಿಸಬೇಕು, ಏಕೆಂದರೆ ಪ್ರತಿ ತುತ್ತಿಗೂ ಒಂದು ಗೆರೆ ಏರುವುದನ್ನು ನೋಡುತ್ತ ಕೂರುವುದು ಅವರಿಗೆ ಅಪಾಯಕಾರಿಯಾಗಬಹುದು. ಸಾಧನಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ, ಆ್ಯಪ್‌ಗೆ ಎರಡು.

ಇವತ್ತಿಗೆ ಈ ಸೆನ್ಸರಿನ ಹದಿನಾಲ್ಕನೆಯ ದಿನ. ಹೊಸದನ್ನು ನಾಳೆ ಬೆಳಿಗ್ಗೆ ಎಡತೋಳಿಗೆ ಅಂಟಿಸಬೇಕು. ನಾನು ಬಲಮಗ್ಗುಲಿಗೆ ಮಲಗುವವನು.