ಸೋತ ಮೂರು ಆಲ್ಬಮ್, ಮೂರು ಭಾನುವಾರ

ಮೆಟಾಲಿಕಾದ 'ಸೇಂಟ್ ಆಂಗರ್', ಐರನ್ ಮೇಡನ್‌ನ 'ವರ್ಚುವಲ್ ಇಲೆವೆನ್', ಮೆಗಾಡೆತ್‌ನ 'ರಿಸ್ಕ್'. ಹೆವಿ ಮೆಟಲ್ ಸಂಗೀತ ಕೇಳುವ ನಾಲ್ಕು ಜನ ಒಂದು ಕಡೆ ಸೇರಿದರೆ ಈ ಮೂರರಲ್ಲಿ ಯಾವುದು ಜಾಸ್ತಿ ಕೆಟ್ಟದ್ದು ಅನ್ನೋ ವಾದ ಶುರುವಾಗೇ ಆಗುತ್ತದೆ. ನಾನೂ ಎಷ್ಟೋ ಸಲ ವಾದ ಮಾಡಿದ್ದೇನೆ. ಆದರೆ ಮೂರನ್ನೂ ಪೂರ್ತಿ ಕೂತು ಕೇಳಿ ವರ್ಷಗಳೇ ಆಗಿದ್ದವು. ಹಾಗಾಗಿ ಮೂರು ಭಾನುವಾರ ಬೆಳಿಗ್ಗೆ ಇದಕ್ಕೇ ಅಂತ ಎತ್ತಿಟ್ಟೆ. ವಾರಕ್ಕೊಂದು ಆಲ್ಬಮ್, ಅದೇ ಹೆಡ್‌ಫೋನ್, ಅಷ್ಟೇ ವಾಲ್ಯೂಮ್. ಒಂದು ಹಾಡನ್ನೂ ಹಾರಿಸಲಿಲ್ಲ. ಆಮೇಲೆ ಅದೇ ಹಾಡುಗಳನ್ನು ಸ್ಟೇಜ್ ಮೇಲೆ ಹೇಗೆ ನುಡಿಸಿದ್ದಾರೆ ಅಂತಲೂ ಹುಡುಕಿ ಕೇಳಿದೆ. ಹಾಡೇ ಸರಿಯಿಲ್ಲದಿರೋದು ಬೇರೆ. ಒಳ್ಳೆ ಹಾಡು ರೆಕಾರ್ಡಿಂಗ್‌ನಲ್ಲಿ ಕೆಟ್ಟಿರೋದು ಬೇರೆ. ಆ ವ್ಯತ್ಯಾಸ ನನಗೆ ಬೇಕಿತ್ತು.

ಮೊದಲು 'ಸೇಂಟ್ ಆಂಗರ್'. 2003ರ ಜೂನ್‌ನಲ್ಲಿ ಬಂದದ್ದು. 11 ಹಾಡು, 75 ನಿಮಿಷ. ಆಗ ಸ್ನೇಹಿತನ ರೂಮಲ್ಲಿ ಸಿಡಿ ಹಾಕಿದ ಎರಡನೇ ನಿಮಿಷಕ್ಕೆ ಸ್ಪೀಕರ್ ಕೆಟ್ಟಿದೆ ಅಂದುಕೊಂಡು ಹಿಂದಿನ ವೈರ್ ಬಿಚ್ಚಿ ಮತ್ತೆ ಸಿಕ್ಕಿಸಿದ್ದೆವು. ಕೆಟ್ಟಿರಲಿಲ್ಲ. ಅದು ಸ್ನೇರ್ ಡ್ರಮ್‌ನ ಸದ್ದು. ಸ್ನೇರ್‌ನ ಕೆಳಗಿನ ಚರ್ಮಕ್ಕೆ ತಾಗಿಕೊಂಡು ಸಣ್ಣ ಸಣ್ಣ ತಂತಿಗಳಿರುತ್ತವೆ. ಹೊಡೆದಾಗ 'ಛಟ್' ಅನ್ನೋ ಚುರುಕು ಬರುವುದು ಅವುಗಳಿಂದಲೇ. ಮೆಟಾಲಿಕಾದ ಡ್ರಮ್ಮರ್ ಲಾರ್ಸ್ ಉಲ್ರಿಕ್ ಆ ತಂತಿಗಳನ್ನು ಸಡಿಲ ಬಿಟ್ಟು ನುಡಿಸಿದ. 'ಛಟ್' ಹೋಗಿ 'ಟಂಗ್' ಉಳಿಯಿತು, ಖಾಲಿ ಎಣ್ಣೆ ಡಬ್ಬಕ್ಕೆ ಬಡಿದ ಹಾಗೆ. ಒಂದು ಹಾಡಿಗಾದರೆ ಪರವಾಗಿಲ್ಲ. 75 ನಿಮಿಷ ಅದೇ ಟಂಗ್ ಕೇಳಿದರೆ ತಲೆ ನೋಯುತ್ತದೆ. ಅದರ ಮೇಲೆ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್‌ನ ಒಂದು ಗಿಟಾರ್ ಸೋಲೋ ಕೂಡ ಇಲ್ಲ. ಬೇಕಂತಲೇ ಬಿಟ್ಟದ್ದು.

ಆದರೂ ಈ ಸಲ ಕೇಳುವಾಗ ಬೈಯೋಕೆ ಮನಸ್ಸು ಬರಲಿಲ್ಲ. ಆಗ ಬ್ಯಾಂಡ್ ಒಡೆದೇ ಹೋಗುವ ಹಾಗಿತ್ತು. ಬಾಸ್ ಗಿಟಾರ್ ನುಡಿಸುತ್ತಿದ್ದ ಜೇಸನ್ ನ್ಯೂಸ್ಟೆಡ್ 2001ರ ಜನವರಿಯಲ್ಲಿ ಬಿಟ್ಟು ಹೋದ. ಅದೇ ವರ್ಷ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಕುಡಿತ ಬಿಡೋಕೆ ಚಿಕಿತ್ಸೆಗೆ ಸೇರಿ ತಿಂಗಳುಗಟ್ಟಲೆ ಹೊರಗಿದ್ದ. ಪ್ರೊಡ್ಯೂಸರ್ ಬಾಬ್ ರಾಕ್‌ನೇ ಆಲ್ಬಮ್‌ಗೆ ಬಾಸ್ ನುಡಿಸಿದ. ಇದೆಲ್ಲ ಹಾಡಿನಲ್ಲಿ ಹಸಿಹಸಿಯಾಗಿ ಕೇಳಿಸುತ್ತದೆ. ಹೆಟ್‌ಫೀಲ್ಡ್‌ನ ಗಂಟಲು ಕೆಲವು ಕಡೆ ಶ್ರುತಿ ಬಿಟ್ಟು ಜಾರುತ್ತದೆ, ಅದನ್ನೂ ಹಾಗೇ ಇಟ್ಟಿದ್ದಾರೆ. ಸುಳ್ಳು ಅನ್ನೋದು ಈ ಆಲ್ಬಮ್‌ನಲ್ಲಿ ಎಲ್ಲೂ ಇಲ್ಲ. ನೋವು ನಿಜದ್ದು, ಕೇಳೋದು ಮಾತ್ರ ಕಷ್ಟ.

ಕೊನೆಯ ಹಾಡು 'ಆಲ್ ವಿದಿನ್ ಮೈ ಹ್ಯಾಂಡ್ಸ್'. ಆಲ್ಬಮ್‌ನಲ್ಲಿ ಅದು ಸುಮಾರು ಒಂಬತ್ತು ನಿಮಿಷ ಓಡಿ ಕಿರುಚಾಟದಲ್ಲಿ ಮುಗಿಯುತ್ತದೆ. ಇದೇ ಹಾಡನ್ನು 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಿಂಫನಿ ಜೊತೆ ಅಕೌಸ್ಟಿಕ್ ಗಿಟಾರ್ ಹಿಡಿದು ನುಡಿಸಿದ್ದಾರೆ. ಕೇಳಿ ನೋಡಿ. ಅದೇ ಮಾತು, ಆದರೆ ನಿಧಾನವಾಗಿ, ಹತ್ತಿರ ಕೂತು ಹೇಳಿದ ಹಾಗೆ. ಇಷ್ಟು ಒಳ್ಳೆ ಹಾಡು ಆ ಡಬ್ಬದ ಸದ್ದಿನ ಅಡಿಯಲ್ಲಿ ಹೂತು ಹೋಗಿತ್ತಲ್ಲ ಅಂತ ಹೊಟ್ಟೆ ಉರಿಯಿತು. ಬ್ಯಾಂಡ್‌ನವರಿಗೂ ಈ ಹಾಡಿನ ಮೇಲೆ ಪ್ರೀತಿ ಇರಬೇಕು, ತಮ್ಮ ದಾನದ ಸಂಸ್ಥೆಗೆ ಇದರ ಹೆಸರನ್ನೇ ಇಟ್ಟಿದ್ದಾರೆ. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಮಾತ್ರ ಈ ಆಲ್ಬಮ್‌ನ ಒಂದು ಹಾಡೂ ಬರಲಿಲ್ಲ. ಅವತ್ತು ಅದು ಯಾರಿಗೂ ಬೇಕಿರಲಿಲ್ಲ ಅನ್ನೋದೂ ನಿಜ.

ಎರಡನೇ ವಾರ 'ವರ್ಚುವಲ್ ಇಲೆವೆನ್', 1998. ಗಾಯಕ ಬ್ರೂಸ್ ಡಿಕಿನ್ಸನ್ 1993ರಲ್ಲಿ ಐರನ್ ಮೇಡನ್ ಬಿಟ್ಟಿದ್ದ. ಅವನ ಜಾಗಕ್ಕೆ ಬಂದ ಬ್ಲೇಝ್ ಬೇಲಿಯ ಎರಡನೇ ಆಲ್ಬಮ್ ಇದು, ಕೊನೆಯದ್ದೂ ಹೌದು. ಎಲ್ಲರೂ ಬ್ಲೇಝ್‌ಗೆ ಬೈಯುತ್ತಾರೆ. ನಾನು ಒಪ್ಪೋದಿಲ್ಲ. ಅವನ ದನಿ ತಗ್ಗಿನದು, ಸ್ವಲ್ಪ ದುಃಖದ್ದು. ಹಾಡುಗಳು ಅವನನ್ನು ಮತ್ತೆ ಮತ್ತೆ ಮೇಲಕ್ಕೆ ಎಳೆಯುತ್ತವೆ. ಅವನ ದನಿಗೆ ಒಗ್ಗುವ ಜಾಗದಲ್ಲಿ ಎಷ್ಟು ಚೆನ್ನಾಗಿ ಹಾಡುತ್ತಾನೆ ಅನ್ನೋದಕ್ಕೆ ಬ್ರಿಟನ್-ಅರ್ಜೆಂಟೀನಾ ನಡುವಿನ ಫಾಕ್‌ಲ್ಯಾಂಡ್ಸ್ ಯುದ್ಧದ ನೆನಪಲ್ಲಿ ಬರೆದ ಕೊನೆಯ ಹಾಡು 'ಕೋಮೋ ಎಸ್ತಾಯಿಸ್ ಅಮಿಗೋಸ್' ಸಾಕು.

ನನ್ನ ಸಿಟ್ಟೆಲ್ಲ ಎರಡನೇ ಹಾಡಿನ ಮೇಲೆ. 'ದಿ ಏಂಜಲ್ ಆ್ಯಂಡ್ ದಿ ಗ್ಯಾಂಬ್ಲರ್' ಹತ್ತಿರ ಹತ್ತಿರ ಹತ್ತು ನಿಮಿಷ. ಐದು ನಿಮಿಷಕ್ಕೆ ಹೇಳೋದೆಲ್ಲ ಹೇಳಿ ಮುಗಿದಿರುತ್ತದೆ. ಆಮೇಲೆ ಅದೇ ಸಾಲು, ಮತ್ತೆ ಅದೇ ಸಾಲು. ಬೆರಳು ಮಡಚಿ ಎಣಿಸುತ್ತಾ ಹೋದೆ, ಹದಿನೈದು ದಾಟಿದ ಮೇಲೆ ಕೈ ಬಿಟ್ಟೆ. ಗಿಟಾರ್ ಸದ್ದೂ ತೆಳು, ನೀರು ಮಜ್ಜಿಗೆ ಥರ. ಆದರೆ ಒಂದು ಮಾತು: ಸೇಂಟ್ ಆಂಗರ್‌ನಲ್ಲಿ ಕಿವಿ ನೋಯುತ್ತದೆ, ಇಲ್ಲಿ ಬೇಜಾರಾಗುತ್ತದೆ ಅಷ್ಟೇ. ಆಲ್ಬಮ್ ಇರೋದೂ 53 ನಿಮಿಷ ಮಾತ್ರ.

ಅಲ್ಲೇ 'ದಿ ಕ್ಲ್ಯಾನ್ಸ್‌ಮನ್' ಇದೆ. ಸ್ಕಾಟ್ಲೆಂಡಿನ ಗುಡ್ಡಗಾಡಿನ ಕುಲದವರು ತಮ್ಮ ನೆಲಕ್ಕಾಗಿ ಹೋರಾಡಿದ ಹಾಡು. ಮೆಲ್ಲಗೆ ಬಾಸ್‌ನಿಂದ ಶುರುವಾಗಿ ಒಂದೊಂದೇ ಮೆಟ್ಟಿಲು ಹತ್ತುತ್ತದೆ. 2001ರ ಜನವರಿಯಲ್ಲಿ ಬ್ರೆಜಿಲ್‌ನ ರಿಯೋದಲ್ಲಿ, ಬ್ಯಾಂಡ್‌ಗೆ ವಾಪಸ್ ಬಂದಿದ್ದ ಬ್ರೂಸ್ ಇದನ್ನು ಹಾಡಿದ ರೆಕಾರ್ಡಿಂಗ್ ಇದೆ. 'ಫ್ರೀಡಮ್' ಅಂತ ಇಡೀ ಮೈದಾನ ಕೂಗುವಾಗ ಈಗಲೂ ಮೈ ಜುಮ್ ಅನ್ನುತ್ತದೆ. ಸೋತ ಆಲ್ಬಮ್‌ನ ಹಾಡನ್ನು ಮೇಡನ್ ಬಿಟ್ಟುಕೊಡಲಿಲ್ಲ, 2018ರ ಟೂರ್‌ನಲ್ಲೂ ನುಡಿಸಿದರು.

   

ಕೊನೆಗೆ 'ರಿಸ್ಕ್', 1999. ಸದ್ದಿನ ಮಟ್ಟಿಗೆ ಮೂರರಲ್ಲಿ ಇದೇ ಮೇಲು. ಪ್ರೊಡ್ಯೂಸರ್ ಡ್ಯಾನ್ ಹಫ್ ಅಮೆರಿಕದ ನ್ಯಾಶ್ವಿಲ್‌ನಲ್ಲಿ ಮಾಡಿದ ಕೆಲಸ ಅಚ್ಚುಕಟ್ಟು. ಪ್ರತಿಯೊಂದು ವಾದ್ಯ ಬಿಡಿಬಿಡಿಯಾಗಿ ಕೇಳುತ್ತದೆ. 'ಇನ್‌ಸೋಮ್ನಿಯಾ' ಚೆನ್ನಾಗಿದೆ, 'ಬ್ರೆಡ್‌ಲೈನ್' ಬಾಯಲ್ಲಿ ಗುನುಗುವ ಹಾಗಿದೆ. ಆದರೆ ಮೆಗಾಡೆತ್‌ನ ಗಾಯಕ ಡೇವ್ ಮಸ್ಟೇನ್‌ನ ಹಲ್ಲು ಕಚ್ಚಿದ ಸಿಟ್ಟು ಎಲ್ಲಿ ಹೋಯಿತು? ಆಟದ ಮೈದಾನಗಳಲ್ಲಿ ಮೊಳಗಲಿ ಅಂತ ಬರೆದ 'ಕ್ರಶ್ ಎಮ್' ಕೇಳಿದರೆ ಬೇರೆ ಯಾವುದೋ ಬ್ಯಾಂಡ್ ಅನಿಸುತ್ತದೆ. ಮಾರ್ಟಿ ಫ್ರೀಡ್‌ಮನ್‌ನಂಥ ಗಿಟಾರಿಸ್ಟ್ ಇದ್ದೂ ಅವನಿಗೆ ಕೆಲಸವೇ ಕಮ್ಮಿ. ಇದಾದ ಮೇಲೆ ಅವನು ಬ್ಯಾಂಡನ್ನೇ ಬಿಟ್ಟ. ಮಸ್ಟೇನ್ ಇನ್ನೂ ರಿಸ್ಕ್ ತಗೋಬೇಕು ಅಂತ ಲಾರ್ಸ್ ಹೇಳಿದ ಮಾತಿನಿಂದ ಆಲ್ಬಮ್‌ಗೆ ಈ ಹೆಸರು ಬಂತಂತೆ. 1983ರಲ್ಲಿ ತನ್ನನ್ನು ಹೊರಗೆ ಹಾಕಿದ ಮೆಟಾಲಿಕಾ ಬ್ಯಾಂಡ್‌ನವನ ಮಾತು ಮನಸ್ಸಿಗೆ ಅಷ್ಟು ತಾಗಿತ್ತಲ್ಲ ಅಂತ ಬೇಸರವಾಗುತ್ತದೆ. ಇದರ ಲೈವ್ ರೆಕಾರ್ಡಿಂಗ್‌ಗಳನ್ನೂ ಹುಡುಕಿದೆ. ಸ್ಟೇಜ್ ಮೇಲೆ ಬೇರೆಯೇ ಜೀವ ಬಂದ ಹಾಡು ಒಂದೂ ನನಗೆ ಸಿಗಲಿಲ್ಲ.

ಹಾಗಾಗಿ ನನ್ನ ಲೆಕ್ಕದಲ್ಲಿ ಮೂರರಲ್ಲಿ ಹಿಂದೆ ಬಿದ್ದದ್ದು ರಿಸ್ಕ್, ಕಿವಿಗೆ ಅದೇ ಹಿತವಾಗಿದ್ದರೂ. ಮುಂದೆ ಇರೋದು ವರ್ಚುವಲ್ ಇಲೆವೆನ್. ಹೊಸದಾಗಿ ಕೇಳೋರು ಎರಡನೇ ಹಾಡನ್ನು ಅರ್ಧಕ್ಕೇ ನಿಲ್ಲಿಸಿದರೂ ಏನೂ ತಪ್ಪಿಲ್ಲ. ಸೇಂಟ್ ಆಂಗರ್ ಒಂದೇ ಸಲಕ್ಕೆ ಬೇಡ, ದಿನಕ್ಕೆ ಮೂರು ಹಾಡು ಸಾಕು. ನನ್ನ ಫೋನಲ್ಲಿ ಈಗ ಉಳಿದಿರೋದು ರಿಯೋದ ಕ್ಲ್ಯಾನ್ಸ್‌ಮನ್, ಸಿಂಫನಿ ಜೊತೆಗಿನ ಆಲ್ ವಿದಿನ್ ಮೈ ಹ್ಯಾಂಡ್ಸ್, ಮತ್ತೆ ಬ್ಲೇಝ್ ಹಾಡಿದ ಆ ಫಾಕ್‌ಲ್ಯಾಂಡ್ಸ್ ಹಾಡು.