20 ನಿಮಿಷದ ಪುಟ್ಟಿ ಪುಡಿ: ಮೂರು ವರ್ಷ ಕಲಸಿದ ಮೇಲೆ ಬರೆಯುತ್ತಿದ್ದೇನೆ

ಮೊದಲ ದಿನ ನಾನು ಕಲಸಿದ್ದರಲ್ಲಿ ಮುಕ್ಕಾಲು ಪಾಲು ಬಕೆಟ್ಟಿನಲ್ಲೇ ಕಲ್ಲಾಯಿತು. ಗೋಡೆಗೆ ಹತ್ತಿದ್ದು ನಾಲ್ಕೈದು ಎಳೆತ ಅಷ್ಟೇ. ಬ್ಲೇಡು ಅದರೊಳಗೇ ಸಿಕ್ಕಿಕೊಂಡು ನಿಂತಿತ್ತು. ಅವತ್ತೇ ವಿಮರ್ಶೆ ಬರೆಯಲು ಕೂತಿದ್ದರೆ ಒಂದು ಸ್ಟಾರ್ ಕೊಟ್ಟು ಎದ್ದುಬಿಡುತ್ತಿದ್ದೆ. ಈಗ ಮೂರು ವರ್ಷ ಆಗಿದೆ, ಮೂರನೇ ಚೀಲ ನಡೆಯುತ್ತಿದೆ, ನಾಲ್ಕೂವರೆ ಕೊಡುತ್ತೇನೆ. ಪುಡಿ ಅದೇ. ನಾನು ಕಲಸುವ ಅಳತೆ ಮಾತ್ರ ಬದಲಾಗಿದೆ.

ನಾನು ಹೇಳುತ್ತಿರುವುದು ಡ್ರೈವಾಲ್‌ಗೆ, ಅಂದರೆ ಜಿಪ್ಸಮ್ ಬೋರ್ಡಿಗೆ ಹಚ್ಚುವ ಜಾಯಿಂಟ್ ಕಾಂಪೌಂಡ್ ಬಗ್ಗೆ. ಎರಡು ಬೋರ್ಡು ಕೂಡುವ ಸಂದನ್ನು, ಅಂದರೆ ಜಾಯಿಂಟನ್ನು, ಮುಚ್ಚುವ ಪುಟ್ಟಿ ಅದು. ಅದರಲ್ಲೂ ಪುಡಿಯಾಗಿ ಬರುವ, ಬೇಗ ಸೆಟ್ ಆಗುವ ಬಗೆ. ಚೀಲದ ಮೇಲೆ ಒಂದು ಸಂಖ್ಯೆ ಇರುತ್ತದೆ. ಅಮೆರಿಕದ ಯುಎಸ್‌ಜಿ ಕಂಪನಿಯವರ ಈಜಿ ಸ್ಯಾಂಡ್ ಸಾಲಿನಲ್ಲಿ 5, 20, 45, 90, 210 ಅಂತೆಲ್ಲ ಇವೆ. ಅದು ಹೆಚ್ಚುಕಮ್ಮಿ ಎಷ್ಟು ನಿಮಿಷಕ್ಕೆ ಗಟ್ಟಿಯಾಗುತ್ತದೆ ಅನ್ನುವ ಲೆಕ್ಕ. ನಾನು ಬಳಸುವುದು 20. ಯಾವ ಕಂಪನಿಯದ್ದು ಅಂತ ಕೇಳಬೇಡಿ, ಮೂರು ಸಲವೂ ಬೇರೆ ಬೇರೆ ತಂದಿದ್ದೇನೆ. ಸ್ವಭಾವ ಎಲ್ಲದರದ್ದೂ ಒಂದೇ.

ಹಾಗಾದರೆ ಕಲಸಿಯೇ ಬರುವ ಬಕೆಟ್ ಪುಟ್ಟಿ ಯಾಕೆ ಬೇಡ? ಬೇಕು, ಅದೂ ನನ್ನ ಹತ್ತಿರ ಇದೆ. ಆದರೆ ಅದು ನೀರು ಆರಿ ಗಟ್ಟಿಯಾಗುವ ವಸ್ತು. ಒಂದು ಪದರ ಹಚ್ಚಿದರೆ ಮಾರನೇ ದಿನದವರೆಗೆ ಕಾಯಬೇಕು. ನೀರು ಹೋದಷ್ಟೂ ಕುಗ್ಗುತ್ತದೆ. ಆಳವಾದ ತೂತಿಗೆ ದಪ್ಪಗೆ ತುಂಬಿದರೆ ನಡುವೆ ತಗ್ಗು ಬೀಳುತ್ತದೆ, ಬಿರುಕೂ ಬಿಡುತ್ತದೆ. ಪುಡಿಯದ್ದು ಬೇರೆ ಕಥೆ. ಇದರ ಜೀವಾಳ ಪ್ಲಾಸ್ಟರ್ ಆಫ್ ಪ್ಯಾರಿಸ್. ಜಿಪ್ಸಮ್ ಕಲ್ಲನ್ನು ಕಾಯಿಸಿ ಅದರೊಳಗಿನ ನೀರಿನ ಮುಕ್ಕಾಲು ಪಾಲು ಓಡಿಸಿದರೆ ಸಿಗುವುದೇ ಅದು. ನಾವು ನೀರು ಹಾಕಿದ ಕೂಡಲೇ ಕಳೆದುಕೊಂಡಿದ್ದನ್ನೆಲ್ಲ ವಾಪಸ್ ಹೀರಿಕೊಂಡು ಮತ್ತೆ ಜಿಪ್ಸಮ್ ಆಗುತ್ತದೆ. ಸೂಜಿಯಂಥ ಸಣ್ಣ ಹರಳುಗಳು ಬೆಳೆದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಗಾಳಿ ಆಡದಿದ್ದರೂ, ಮಳೆಗಾಲವಾದರೂ, ನೀರಿನಡಿ ಇಟ್ಟರೂ ಅದು ಸೆಟ್ ಆಗಿಯೇ ತೀರುತ್ತದೆ. ಕುಗ್ಗುವುದೂ ತುಂಬಾ ಕಡಿಮೆ.

ಇಷ್ಟು ಗೊತ್ತಾಗಿದ್ದರೆ ಮೊದಲ ಬಕೆಟ್ ಉಳಿಯುತ್ತಿತ್ತು. ಆದರೆ ನಾನು ತೂತು ನೋಡಿ ಕಲಸಿದೆ. ತೂತು ದೊಡ್ಡದು, ಹಾಗಾಗಿ ಜಾಸ್ತಿ ಕಲಸೋಣ ಅಂತ. ನೋಡಬೇಕಾಗಿದ್ದು ಕೈಯನ್ನು. ಹತ್ತು ನಿಮಿಷದಲ್ಲಿ ನನ್ನ ಕೈ ಎಷ್ಟು ಹಚ್ಚಬಲ್ಲದು? ಗಡಿಯಾರ ಹಿಡಿದು ನೋಡಿದೆ. ಒಂದು ಸಣ್ಣ ಬಟ್ಟಲು, ಅಷ್ಟೇ. ಆಮೇಲಿಂದ ಅದಕ್ಕಿಂತ ಜಾಸ್ತಿ ಕಲಸಿಲ್ಲ. ತೂತು ದೊಡ್ಡದಿದ್ದರೆ ಎರಡು ಸಲ, ಮೂರು ಸಲ ಕಲಸುತ್ತೇನೆ.

ನನ್ನ ಈಗಿನ ಪದ್ಧತಿ ಹೀಗಿದೆ. ಬಗ್ಗುವ ಸಿಲಿಕೋನ್ ಬಟ್ಟಲಿಗೆ ಮೊದಲು ನೀರು, 100 ಮಿಲಿ. ತಣ್ಣಗಿರಬೇಕು, ಶುದ್ಧ ಇರಬೇಕು. ಅದೇ ಅಳತೆ ಲೋಟದಲ್ಲಿ ಎರಡು ಲೋಟ ಪುಡಿ. ಒಮ್ಮೆಲೇ ಸುರಿಯಬಾರದು, ಉದುರಿಸುತ್ತಾ ಹೋಗಬೇಕು. ಪುಡಿಯ ಮೇಲೆ ನೀರು ಹಾಕಿದರೆ ತಳದಲ್ಲಿ ಒಣ ಗಂಟು ಉಳಿದು, ಹಚ್ಚುವಾಗ ಗೋಡೆಯ ಮೇಲೆ ಒಡೆದು ಗೀರು ಎಳೆಯುತ್ತದೆ. ಎರಡು ಇಂಚಿನ ಪುಟ್ಟಿ ಬ್ಲೇಡಿನಲ್ಲೇ ಕಲಸುತ್ತೇನೆ, ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ಗಂಟು ಒಡೆಯುತ್ತೇನೆ. ಒಂದೆರಡು ನಿಮಿಷ ಸುಮ್ನೆ ಬಿಡುತ್ತೇನೆ. ಪುಡಿ ನೀರು ಕುಡಿಯಲಿ. ಆಮೇಲೆ ಇನ್ನೊಂದು ಅರ್ಧ ನಿಮಿಷ ಕಲಸಿದರೆ ಸಾಕು. ಬ್ಲೇಡಿನಲ್ಲಿ ಎತ್ತಿ ಓರೆ ಹಿಡಿದಾಗ ನಿಧಾನಕ್ಕೆ ವಾಲಬೇಕು, ಜಾರಿ ಬೀಳಬಾರದು. ಎರಡಕ್ಕೆ ಒಂದು ಅನ್ನುವುದು ಶುರುವಿಗೆ ಮಾತ್ರ. ಹಗುರ ಪುಡಿ, ಭಾರದ ಪುಡಿ ಅಂತ ಇರುತ್ತದೆ, ಚೀಲದ ಮೇಲೆ ಹಾಕಿರುವ ಅಳತೆಯನ್ನೇ ನಂಬಿ.

ಡ್ರಿಲ್ಲಿಗೆ ಹಾಕುವ ಕಲಸು ಕಡ್ಡಿಯನ್ನೂ ತಂದಿದ್ದೆ. ಇಷ್ಟು ಸಣ್ಣ ಬಟ್ಟಲಿಗೆ ಅದು ದಂಡ. ಗಾಳಿಗುಳ್ಳೆ ತುಂಬುತ್ತದೆ, ಜಾಸ್ತಿ ಕದಡಿದಷ್ಟೂ ಬೇಗ ಬಿಗಿಯುತ್ತದೆ. ಈಗ ಅದು ಮೊಳೆ ಡಬ್ಬದ ಪಕ್ಕ ಮಲಗಿದೆ.

ಇನ್ನು ನನ್ನನ್ನು ಹುಚ್ಚು ಹಿಡಿಸಿದ ಒಂದು ಸಂಜೆಯ ವಿಷಯ. ಮೊದಲ ಬಟ್ಟಲು ಸರಿಯಾಗಿ ನಡೆಯಿತು. ಎರಡನೆಯದು ಒಂಬತ್ತು ನಿಮಿಷಕ್ಕೇ ಬಿಗಿಯಿತು. ಮೂರನೆಯದು ಆರಕ್ಕೇ. ಅದೇ ಚೀಲ, ಅದೇ ನೀರು, ಅದೇ ಅಳತೆ. ಸಹಾಯಕ್ಕೆ ಬಂದಿದ್ದ ತಮ್ಮ ಬಟ್ಟಲನ್ನು ಬೆಳಕಿಗೆ ಹಿಡಿದು, "ಅಣ್ಣಾ, ಇದನ್ನ ತೊಳೆದೇ ಇಲ್ವಲ್ಲೋ" ಅಂದ. ಒರೆಸಿದ್ದೆ. ತೊಳೆದಿರಲಿಲ್ಲ. ಅಂಚಿನ ಸುತ್ತ ತೆಳ್ಳಗೆ ಬಿಳಿ ಪೊರೆ ಉಳಿದಿತ್ತು. ಆ ಪೊರೆ ಆಗಲೇ ಜಿಪ್ಸಮ್ ಆಗಿರುವ ಹರಳು. ಹೊಸ ಮಿಶ್ರಣಕ್ಕೆ ಅದು ಬೀಜದ ಹಾಗೆ. ಹರಳು ಬೆಳೆಯಲು ನೆಲೆ ಸಿಕ್ಕಿಬಿಡುತ್ತದೆ, ಮಿಕ್ಕಿದ್ದೆಲ್ಲ ಅದಕ್ಕೆ ಹತ್ತಿಕೊಂಡು ಓಡುತ್ತದೆ. ಬ್ಲೇಡು ಅದ್ದಿದ ನೀರನ್ನೇ ಕಲಸಲು ಬಳಸಿದರೂ ಇದೇ ಕಥೆ. ಬೇಗ ಸೆಟ್ ಆಗಲಿ ಅಂತ ಬೇಕೆಂದೇ ಹಳೇ ಪುಟ್ಟಿಯ ಚೂರು ಬೆರೆಸುವವರೂ ಇದ್ದಾರೆ, ಬೆಚ್ಚನೆ ನೀರು ಹಾಕುವವರೂ ಇದ್ದಾರೆ. ನಿಧಾನ ಆಗಲಿ ಅಂತ ಚಿಟಿಕೆ ಸಿಟ್ರಿಕ್ ಆಸಿಡ್ ಹಾಕುವವರೂ ಇದ್ದಾರೆ. ನನಗೆ ಅದೆಲ್ಲ ಬೇಡ. ನಿಧಾನದ್ದು ಬೇಕಿದ್ದರೆ 45ರ ಚೀಲ ತಂದರಾಯಿತು.

ಈಗ ಎರಡು ಬಟ್ಟಲು ಇಟ್ಟುಕೊಂಡಿದ್ದೇನೆ. ಒಂದರಲ್ಲಿ ಕೆಲಸ ನಡೆಯುವಾಗ ಇನ್ನೊಂದು ಹಾಗೇ ಗಟ್ಟಿಯಾಗಲಿ ಅಂತ ಬಿಡುತ್ತೇನೆ. ಇದು ನನಗೆ ಇಷ್ಟವಾದ ಭಾಗ ಅಂತಲೇ ಹೇಳಬೇಕು. ಅರ್ಧ ಗಂಟೆ ಬಿಟ್ಟು ಬಟ್ಟಲನ್ನು ಒಳಗೆ ಹೊರಗೆ ಮಗುಚಿದರೆ, ಟಕ್ ಅಂತ ಇಡೀ ಚಿಪ್ಪು ಬಿಟ್ಟುಬರುತ್ತದೆ. ಬ್ಲೇಡು ಎಳೆದ ಗೆರೆಗಳೂ ಅದರ ಮೇಲೆ ಹಾಗೇ ಇರುತ್ತವೆ. ಕಸಕ್ಕೆ ಹಾಕಿ, ಬಟ್ಟಲನ್ನು ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಬೆಳಕಿಗೆ ಹಿಡಿದು ನೋಡುತ್ತೇನೆ. ತಮ್ಮ ಕಲಿಸಿದ ಪಾಠ.

ಬಿಗಿಯುವ ಗಳಿಗೆಯನ್ನು ಗುರುತಿಸುವುದು ಅಭ್ಯಾಸದ ಮೇಲೆ. 20 ಅಂತ ಬರೆದಿದ್ದರೂ ಕೈಗೆ ಸಿಗುವುದು 12ರಿಂದ 15 ನಿಮಿಷ. ಲೆಕ್ಕ ಶುರುವಾಗುವುದು ಪುಡಿ ನೀರಿಗೆ ಬಿದ್ದಾಗಿನಿಂದ, ಗೋಡೆಗೆ ಹಚ್ಚಿದಾಗಿನಿಂದ ಅಲ್ಲ. ಮೊದಲು ಬ್ಲೇಡಿನ ಸದ್ದು ಬದಲಾಗುತ್ತದೆ. ಅಲ್ಲಿಯವರೆಗೆ ಸದ್ದಿಲ್ಲದೆ ಜಾರುತ್ತಿದ್ದದ್ದು ಸರ್ ಅಂತ ಕೆರೆಯಲು ಶುರು ಮಾಡುತ್ತದೆ. ಅಂಚಿನಲ್ಲಿ ಸಣ್ಣ ಸಣ್ಣ ಉಂಡೆ ಉರುಳುತ್ತದೆ. ಆಗ ನಿಲ್ಲಿಸಬೇಕು. ಇನ್ನೊಂದೇ ಒಂದು ಸಲ ನಯ ಮಾಡಿಬಿಡೋಣ ಅಂತ ಹೋದಿರೋ, ಹಚ್ಚಿದ್ದೆಲ್ಲ ಕಿತ್ತುಬರುತ್ತದೆ. ನನಗೆ ಬಂದಿದೆ, ಒಂದಲ್ಲ, ಹತ್ತು ಸಲ.

ಆಗ ಬಟ್ಟಲಿಗೆ ಎರಡು ಚಮಚ ನೀರು ಹಾಕಿ ಮತ್ತೆ ಮೆತ್ತಗೆ ಮಾಡುವ ಆಸೆ ಆಗುತ್ತದೆ. ಮೆತ್ತಗೆ ಆಗುತ್ತದೆ ಕೂಡ, ಅದೇ ಮೋಸ. ಹೆಣೆದುಕೊಳ್ಳುತ್ತಿದ್ದ ಹರಳುಗಳನ್ನು ಮುರಿದು ಹಾಕಿದ ಹಾಗೆ. ಮತ್ತೆ ಸರಿಯಾಗಿ ಕೂಡುವುದಿಲ್ಲ. ಬಾಗಿಲ ಮೇಲಿನ ಒಂದು ಜಾಯಿಂಟಿಗೆ ಹಾಗೆ ಮಾಡಿ ಹಚ್ಚಿದ್ದೆ. ಒಣಗಿದ ಮೇಲೆ ಬೆರಳಿಟ್ಟು ಉಜ್ಜಿದರೆ ಸೀಮೆಸುಣ್ಣದ ಹಾಗೆ ಉದುರಿತು. ಜಾಯಿಂಟಿನ ಮೇಲೆ ಬಿರುಕು ಬಿಡದಿರಲಿ ಅಂತ ಕೂರಿಸುವ ಟೇಪ್ ಸಮೇತ ಕಿತ್ತು ಮೊದಲಿಂದ ಮಾಡಿದೆ.

ಸೆಟ್ ಆಗುವಾಗ ಬಟ್ಟಲು ಬೆಚ್ಚಗಾಗುತ್ತದೆ. ಹೊರಗಿನಿಂದ ಅಂಗೈ ಹಿಡಿದರೆ ಗೊತ್ತಾಗುತ್ತದೆ. ಹೆದರುವಂಥದ್ದಲ್ಲ, ಆದರೆ ದಪ್ಪ ಮುದ್ದೆ ಚರ್ಮವನ್ನು ಸುಡುವಷ್ಟು ಬಿಸಿಯಾಗಬಹುದು. ಮಕ್ಕಳು ಕೈ ಅಚ್ಚು ತೆಗೆಯುತ್ತೇವೆ ಅಂತ ಬಂದರೆ ದಯವಿಟ್ಟು ಬಿಡಬೇಡಿ.

ಬೇಗ ಸೆಟ್ ಆಗುವುದರ ನಿಜವಾದ ಲಾಭ ಬಾಗಿಲ ಹಿಡಿ ಬಡಿದು ಆದ ತೂತು ಮುಚ್ಚಿದ ದಿನ ಗೊತ್ತಾಯಿತು. ಅಂಗೈ ಅಗಲದ ತೂತು. ಹಿಂದೆ ಮರದ ಪಟ್ಟಿ ಕೊಟ್ಟು, ಬೋರ್ಡಿನ ತುಂಡು ಕೂರಿಸಿ, ಸಂಜೆ ಆರಕ್ಕೆ ಮೊದಲ ಬಟ್ಟಲು ಕಲಸಿದೆ. ಅದು ಬರೀ ಸಂದು ತುಂಬಲು. ಆರೂವರೆಗೆ ಎರಡನೆಯದು, ಟೇಪಿನ ಜೊತೆ. ಏಳೂಕಾಲಿಗೆ ಮೂರನೆಯದು, ಇನ್ನೂ ಅಗಲಕ್ಕೆ ಎಳೆದು. ಎಂಟರೊಳಗೆ ಏಣಿ ಮಡಚಿಟ್ಟಿದ್ದೆ. ಬಕೆಟ್ ಪುಟ್ಟಿಯಲ್ಲಿ ಅದು ಮೂರು ದಿನದ ಕೆಲಸ. ಜಾಲರಿ ಟೇಪ್ ಹಾಕುವವರು ಮೊದಲ ಪದರಕ್ಕೆ ಸೆಟ್ ಆಗುವ ಪುಡಿಯನ್ನೇ ಬಳಸಬೇಕು, ಬಕೆಟ್ಟಿನದ್ದು ಅದಕ್ಕೆ ಬಲ ಸಾಲದು. ಕಾಗದದ ಟೇಪಿಗೆ ಎರಡೂ ನಡೆಯುತ್ತದೆ, ಮಿಶ್ರಣ ಸ್ವಲ್ಪ ತೆಳ್ಳಗಿರಲಿ.

ಇನ್ನೊಂದು, ಇದನ್ನು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಸೆಟ್ ಆದ ಕೂಡಲೇ ಕಲ್ಲಾಗುವುದಿಲ್ಲ. ಉಗುರು ಒತ್ತಿದರೆ ಗುರುತು ಸ್ವಲ್ಪವೇ ಬೀಳುವ ಒಂದು ಹೊತ್ತು ಇರುತ್ತದೆ, ಹತ್ತು ನಿಮಿಷ ಅಂದುಕೊಳ್ಳಿ. ಆಗ ಅಗಲ ಬ್ಲೇಡನ್ನು ನೇರ ಹಿಡಿದು ಉಬ್ಬುಗಳನ್ನು ಹೆರೆದರೆ ಸೋಪು ಹೆರೆದ ಹಾಗೆ ಬರುತ್ತದೆ. ಧೂಳೇ ಇಲ್ಲ. ಆ ಹೊತ್ತು ತಪ್ಪಿಸಿಕೊಂಡರೆ ಸ್ಯಾಂಡ್‌ಪೇಪರ್ ಹಿಡಿದು ಕೂರಬೇಕು. ಈ ಪುಡಿಗಳಲ್ಲಿ ಎರಡು ಬಗೆ ಇದೆ, ಉಜ್ಜಲು ಸುಲಭವಾದದ್ದು ಮತ್ತು ಉಜ್ಜಲು ಬಗ್ಗದ ಗಟ್ಟಿಯದ್ದು. ಗಟ್ಟಿಯದ್ದನ್ನು ತಳದ ಪದರಕ್ಕೆ ಮಾತ್ರ ಇಟ್ಟುಕೊಳ್ಳಿ. ನಾನು ಒಮ್ಮೆ ಅದನ್ನೇ ಮೇಲಿನ ಪದರಕ್ಕೂ ಹಚ್ಚಿದೆ. ಭುಜ ಎರಡು ದಿನ ಎತ್ತಲಾಗಲಿಲ್ಲ. ಈಗ ಕೊನೆಯ ತೆಳು ಪದರಕ್ಕೆ ಬಕೆಟ್ ಪುಟ್ಟಿಯೇ. ಅದು ಬೆಣ್ಣೆಯಷ್ಟು ನಯವಾಗಿ ಹರಡುತ್ತದೆ, ಉಜ್ಜಲು ಹಗುರ.

ಸೆಟ್ ಆಗುವುದು ಬೇರೆ, ಒಣಗುವುದು ಬೇರೆ. ಮೇಲೆ ಇನ್ನೊಂದು ಪದರ ಹಚ್ಚಲು ಸೆಟ್ ಆದರೆ ಸಾಕು. ಬಣ್ಣಕ್ಕೆ ಒಣಗಲೇಬೇಕು. ಒಳಗೆ ನೀರಿರುವಾಗ ಬೂದು ಛಾಯೆ ಇರುತ್ತದೆ, ಪೂರ್ತಿ ಒಣಗಿದ ಮೇಲೆ ಬೆಳ್ಳಗಾಗುತ್ತದೆ. ನಾನು ಆತುರಕ್ಕೆ ಬಿದ್ದು ಪ್ರೈಮರ್ ಕೂಡ ಹಾಕದೆ ಬಳಿದ ಒಂದು ತೇಪೆ ಈಗಲೂ ಓರೆ ಬೆಳಕಿನಲ್ಲಿ ಕಾಣುತ್ತದೆ. ಅದರ ಮುಂದೆ ಕಪಾಟು ಇಟ್ಟಿದ್ದೇನೆ.

ತೊಳೆಯುವ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಸಿಂಕಿಗೆ ಸುರಿಯಬೇಡಿ. ನೀರಿನಡಿಯೂ ಸೆಟ್ ಆಗುತ್ತದೆ ಅಂದೆನಲ್ಲ, ಪೈಪಿನೊಳಗೂ ಆಗುತ್ತದೆ. ಬ್ಲೇಡನ್ನು ಒಂದು ಹಳೇ ಬಕೆಟ್ ನೀರಿನಲ್ಲಿ ತೊಳೆದು, ರಾತ್ರಿ ಬಿಟ್ಟು, ತಳದ ಕೆಸರು ಗಟ್ಟಿಯಾದ ಮೇಲೆ ಕಸಕ್ಕೆ ಹಾಕುತ್ತೇನೆ. ಪುಡಿ ಸುರಿಯುವಾಗ, ಉಜ್ಜುವಾಗ ಎನ್95 ಮಾಸ್ಕ್ ಹಾಕಿಕೊಳ್ಳಿ.

ಅರ್ಧ ಸ್ಟಾರ್ ಕಡಿತ ಯಾಕೆ ಅಂದರೆ, ಚೀಲಕ್ಕಾಗಿ. ಮನೆಯಲ್ಲಿ ಬಟ್ಟಲು ಬಟ್ಟಲು ಬಳಸುವವರಿಗೆ ಇದು ತುಂಬಾ ದೊಡ್ಡದು, ಮೇಲಾಗಿ ಕಾಗದದ್ದು. ಒಮ್ಮೆ ಬಾಯಿ ಬಿಚ್ಚಿದರೆ ಗಾಳಿಯ ತೇವ ಕುಡಿಯಲು ಶುರು. ಎರಡನೇ ಚೀಲ ಬಿಚ್ಚುವಾಗಲೇ ಒಂದು ಮೂಲೆ ಹೆಂಟೆ ಕಟ್ಟಿತ್ತು. ಜರಡಿ ಹಿಡಿದು ಬಳಸಿದೆ, ಆದರೆ ಗಡಿಯಾರ ಕೈಕೊಟ್ಟಿತು. ಒಂದು ಸಲ ಎಂಟು ನಿಮಿಷ, ಇನ್ನೊಂದು ಸಲ ಮುಕ್ಕಾಲು ಗಂಟೆ. ವಾಪಸ್ ಕೊಡಲು ಹೋದರೆ ಬಿಚ್ಚಿದ ಚೀಲ ತೆಗೆದುಕೊಳ್ಳುವುದಿಲ್ಲ ಅಂದರು. ಬಿಚ್ಚದೆ ಹೇಗಪ್ಪಾ ಗೊತ್ತಾಗುತ್ತೆ? ಅಂದಿನಿಂದ ಕೊಳ್ಳುವ ಮೊದಲು ಚೀಲದ ನಾಲ್ಕೂ ಮೂಲೆ ಅಮುಕಿ ನೋಡುತ್ತೇನೆ, ತಯಾರಾದ ತಾರೀಖು ಹುಡುಕುತ್ತೇನೆ. ತಂದ ದಿನವೇ ಬಿಗಿ ಮುಚ್ಚಳದ ಬಕೆಟ್ಟಿಗೆ ಸುರಿದು, ನೆಲದಿಂದ ಎತ್ತರದಲ್ಲಿ ಇಡುತ್ತೇನೆ. ತೆಗೆಯುವ ಲೋಟ ಒಣಗಿರಬೇಕು.

ಇಡೀ ಕೋಣೆಗೆ ಹೊಸ ಬೋರ್ಡ್ ಹೊಡೆದು ಉದ್ದುದ್ದ ಜಾಯಿಂಟ್ ಎಳೆಯುವವರು ಈ 20ರ ತಂಟೆಗೆ ಹೋಗಬೇಡಿ. 90 ತನ್ನಿ. ತೂತು, ಬಿರುಕು, ಮುರಿದ ಮೂಲೆ, ಸ್ವಿಚ್ ಪೆಟ್ಟಿಗೆಯ ಸುತ್ತಲಿನ ಸಂದು, ಇಂಥದ್ದಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ಬಳಸಿಲ್ಲ.

ಬಕೆಟ್ಟಿನಲ್ಲಿ ಇನ್ನು ಕಾಲು ಭಾಗ ಇದೆ. ಅದು ಮುಗಿದ ಮೇಲೆ 45 ತರೋಣ ಅಂತಿದ್ದೇನೆ. ಚಾವಣಿಯಲ್ಲಿ ಒಂದು ಜಾಯಿಂಟ್ ಬಿರುಕು ಬಿಟ್ಟಿದೆ. ಏಣಿ ಹತ್ತಿ, ಕತ್ತು ಹಿಂದಕ್ಕೆ ಹಾಕಿ, ಮೂಗಿನ ಮೇಲೆ ಬೀಳದ ಹಾಗೆ ಹಚ್ಚುವಷ್ಟರಲ್ಲಿ 20 ನಿಮಿಷ ಮುಗಿದೇ ಹೋಗಿರುತ್ತದೆ.